ಮರಳ ದಿಬ್ಬಗಳ ನಡುವೆ ಎರಡು ದಿನ: ಜೈಸಲ್ಮೇರ್–ತನೋಟ್ ಬೈಕ್ ಸವಾರಿ

ಜೈಸಲ್ಮೇರ್‌ನಿಂದ ವಾಯವ್ಯಕ್ಕೆ ಹೊರಟ ರಸ್ತೆ ರಾಮಗಢದವರೆಗೆ ಹೆಚ್ಚುಕಡಿಮೆ ಸಪಾಟು. ಎರಡೂ ಬದಿಗೆ ಗಾಳಿಯಂತ್ರಗಳು, ಕಲ್ಲು ಚೆಲ್ಲಿದ ಬಯಲು, ನಡುನಡುವೆ ಕುರಿ ಹಿಂಡು. ರಾಮಗಢ ದಾಟಿ ತನೋಟ್ ಕಡೆ ಸಾಗುತ್ತಿದ್ದಂತೆ ನೆಲದ ಗುಣವೇ ಬದಲಾಗುತ್ತದೆ. ಡಾಂಬರು ರಸ್ತೆ ಮರಳ ದಿಬ್ಬಗಳನ್ನು ಬಳಸಿಕೊಂಡು ಹೋಗುವುದಿಲ್ಲ, ಅವುಗಳ ನೆತ್ತಿ ಹತ್ತಿ ಆಚೆಗೆ ಇಳಿಯುತ್ತದೆ. ಏರಿನ ತುದಿಯಲ್ಲಿ ಬೈಕು ಒಂದು ಕ್ಷಣ ಹಗುರಾದಂತಾಗುತ್ತದೆ, ಕಣ್ಣೆದುರು ಆಕಾಶ ಬಿಟ್ಟು ಏನೂ ಇರುವುದಿಲ್ಲ. ಮರುಕ್ಷಣ ಇಳಿಜಾರು, ಅದರಾಚೆ ಇನ್ನೊಂದು ಏರು. ಬೈಕ್ ಸವಾರರಿಗೆ ಥಾರ್ ಮರುಭೂಮಿ ಕೊಡುವ ದೊಡ್ಡ ಸಂತೋಷ ಇದು. ದೊಡ್ಡ ಅಪಾಯವೂ ಅದೇ ನೆತ್ತಿಯ ಮರೆಯಲ್ಲಿದೆ. ಆಚೆ ಬದಿಯಲ್ಲಿ ಒಂಟೆ ನಿಂತಿದೆಯೋ, ಗಾಳಿ ತಂದು ಸುರಿದ ಮರಳಿದೆಯೋ, ಸೇನೆಯ ಲಾರಿ ಬರುತ್ತಿದೆಯೋ ಮೇಲೇರುವವರೆಗೆ ತಿಳಿಯುವುದಿಲ್ಲ.

ಶನಿವಾರ, ಭಾನುವಾರ ಎರಡೇ ದಿನದಲ್ಲಿ ಗೆಳೆಯರೊಡನೆ ಹುರುಪಿನಿಂದ ಬೈಕ್ ಓಡಿಸಿ ಬರಲು ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಮರುಭೂಮಿ ದಾರಿ ನನಗೆ ಗೊತ್ತಿಲ್ಲ. ಆದರೆ ಈ ದಾರಿ ಯಾರಿಗೆ ಒಲಿಯುತ್ತದೆ ಎಂದರೆ, ಹೊತ್ತು ನೋಡಿ ಹೊರಡುವವರಿಗೆ, ಹೊರಡುವ ಮೊದಲೇ ತಮ್ಮೊಳಗೆ ಮಾತು ಮುಗಿಸಿಕೊಂಡ ಗುಂಪಿಗೆ. ಬೈಕು ಎಷ್ಟು ಸಿಸಿ ಎಂಬುದು ಅದಾದ ಮೇಲಿನ ಪ್ರಶ್ನೆ.

ಯಾವಾಗ, ಹೇಗೆ

ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಸರಿಯಾದ ಕಾಲ. ಬೇಸಿಗೆಯ ಯೋಚನೆಯೇ ಬೇಡ. ಜೋಧ್‌ಪುರ–ಜೈಸಲ್ಮೇರ್ ರೈಲು ದಾರಿಯಲ್ಲೇ ಸಿಗುವ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಂಥ ಬಿಸಿಲಿನಲ್ಲಿ ಮುಖಕ್ಕೆ ಬಡಿಯುವ ಗಾಳಿ ಮೈಯನ್ನು ತಣಿಸುವುದಿಲ್ಲ, ಇನ್ನಷ್ಟು ಕಾಯಿಸುತ್ತದೆ. ಡಿಸೆಂಬರ್ ಕೊನೆಯ ವಾರ ಜೈಸಲ್ಮೇರ್ ಪ್ರವಾಸಿಗರಿಂದ ತುಂಬಿರುತ್ತದೆ, ಕೋಣೆ ಬಾಡಿಗೆಯೂ ಏರಿರುತ್ತದೆ. ಮಾಘ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಮರು ಮಹೋತ್ಸವ ನೋಡುವ ಆಸೆ ಇದ್ದವರು ಸಾಕಷ್ಟು ಮುಂಚೆಯೇ ಜಾಗ ಕಾದಿರಿಸಬೇಕು.

ಕರ್ನಾಟಕದಿಂದ ಹೋಗುವವರಿಗೆ ಎರಡು ದಾರಿ. ರಜೆ ಕಡಿಮೆ ಇದ್ದರೆ ಜೋಧ್‌ಪುರದವರೆಗೆ ವಿಮಾನ, ಅಲ್ಲಿಂದ ರಾತ್ರಿ ರೈಲಿನಲ್ಲಿ ಜೈಸಲ್ಮೇರ್. ಬೆಳಗ್ಗೆ ಇಳಿಯುವಾಗ ಮೈ ಆಯಾಸವಾಗಿರುವುದಿಲ್ಲ. ರಜೆ ಇದ್ದರೆ ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧ್‌ಪುರಕ್ಕೆ ನೇರ ರೈಲಿದೆ. ಸ್ವಂತ ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ಕಳಿಸಬಹುದು. ಪೆಟ್ರೋಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು, ಆರ್‌ಸಿ ಪ್ರತಿ ಕೊಡಬೇಕು. ಆದರೆ ಎರಡು ದಿನದ ಓಡಾಟಕ್ಕೆ ಇಷ್ಟು ತಾಪತ್ರಯ ಬೇಡವೆಂದೇ ನನ್ನ ಸಲಹೆ. ಪಾರ್ಸೆಲ್ ಒಂದು ದಿನ ತಡವಾದರೂ ನಿಮ್ಮ ವಾರಾಂತ್ಯ ಸ್ಟೇಷನ್ನಿನಲ್ಲೇ ಮುಗಿಯುತ್ತದೆ.

ಜೋಧ್‌ಪುರ, ಜೈಸಲ್ಮೇರ್ ಎರಡೂ ಕಡೆ ಬೈಕು ಬಾಡಿಗೆಗೆ ಸಿಗುತ್ತದೆ. ನಂಬರ್ ಪ್ಲೇಟ್ ನೋಡಿ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆಂದೇ ನೋಂದಣಿಯಾದ ಗಾಡಿ. ಬಿಳಿ ಹಲಗೆಯ ಖಾಸಗಿ ಬೈಕನ್ನು ಕಡಿಮೆ ದರಕ್ಕೆ ಕೊಡುವವರೂ ಇದ್ದಾರೆ. ಅಪಘಾತವಾದರೆ ವಿಮೆಯವರು ಕೈ ಎತ್ತುವ ಸಾಧ್ಯತೆ ಇರುವುದರಿಂದ ಆ ಉಳಿತಾಯ ಬೇಡ. ಗಾಡಿ ತೆಗೆದುಕೊಳ್ಳುವಾಗ ಟೈರಿನ ಗೀರು, ಬ್ರೇಕ್ ಪ್ಯಾಡ್, ಚೈನಿನ ಬಿಗಿ, ಹೆಡ್‌ಲೈಟ್, ಹಾರನ್ ನೋಡಿ, ಸುತ್ತಲೂ ವಿಡಿಯೊ ಮಾಡಿಟ್ಟುಕೊಳ್ಳಿ. ಹೆಲ್ಮೆಟ್ ಮಾತ್ರ ನಿಮ್ಮದೇ ತಗೊಂಡು ಹೋಗಿ. ಯಾರದೋ ತಲೆಗೆ ಸಡಿಲವಾದ ಹೆಲ್ಮೆಟ್ ಹಾಕಿಕೊಂಡು ಎದುರುಗಾಳಿಯಲ್ಲಿ ದಿನವಿಡೀ ಓಡಿಸಿದರೆ ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. 350 ಸಿಸಿಯ ಬುಲೆಟ್, ಕ್ಲಾಸಿಕ್ ಮಾದರಿಗಳು ಈ ದಾರಿಗೆ ಧಾರಾಳ ಸಾಕು. ಹಿಮಾಲಯನ್ ಸಿಕ್ಕರೆ ಎತ್ತರದ ಸಸ್ಪೆನ್ಷನ್ ಇರುವುದರಿಂದ ಇನ್ನೂ ಹಿತ.

ಶನಿವಾರ: ರಾಮಗಢ, ತನೋಟ್, ಲೋಂಗೆವಾಲಾ

ಜೈಸಲ್ಮೇರ್‌ನಿಂದ ರಾಮಗಢ ಸುಮಾರು 65 ಕಿ.ಮೀ., ಅಲ್ಲಿಂದ ತನೋಟ್ ಇನ್ನು 55–60. ತನೋಟ್‌ನಿಂದ ಲೋಂಗೆವಾಲಾ 40ರ ಹತ್ತಿರ, ಲೋಂಗೆವಾಲಾದಿಂದ ಮತ್ತೆ ರಾಮಗಢಕ್ಕೆ ಅಷ್ಟೇ ದೂರ, ಆಮೇಲೆ ಬಂದ ದಾರಿಯಲ್ಲೇ ವಾಪಸು. ಒಟ್ಟು 270 ಕಿ.ಮೀ. ಆಸುಪಾಸು. ನಿಂತು, ನೋಡಿ, ಊಟ ಮಾಡಿ ಬರಲು ಒಂದು ಹಗಲು ಸಾಕು.

ಆ ಹಗಲು ಎಷ್ಟು ಉದ್ದ ಎಂಬುದನ್ನು ಮೊದಲೇ ತಿಳಿದಿರಬೇಕು. ಜೈಸಲ್ಮೇರ್ ದೇಶದ ಪಶ್ಚಿಮ ಅಂಚಿನಲ್ಲಿರುವುದರಿಂದ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳೂವರೆಯ ಹತ್ತಿರ, ಬೆಂಗಳೂರಿಗಿಂತ ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗಿ. ಮುಳುಗುವುದು ಮಾತ್ರ ಆರರ ಸುಮಾರಿಗೇ. ನಂದಿಬೆಟ್ಟಕ್ಕೆ ಹೋಗುವ ಅಭ್ಯಾಸದಲ್ಲಿ ನಾಲ್ಕೂವರೆಗೆ ಎದ್ದು ಹೊರಟರೆ ಮೂರು ಗಂಟೆ ಕತ್ತಲಲ್ಲಿ ಓಡಿಸಬೇಕಾಗುತ್ತದೆ. ಆ ಹೊತ್ತಿಗೆ ತಾಪಮಾನ ಐದಾರು ಡಿಗ್ರಿಗೆ ಇಳಿದಿರುತ್ತದೆ, ಕೈಬೆರಳು ಮರಗಟ್ಟಿದರೆ ಬ್ರೇಕ್ ಲಿವರ್ ಎಷ್ಟು ಒತ್ತಿದೆವೆಂಬ ಅರಿವೇ ಆಗುವುದಿಲ್ಲ. ಹಗಲಿನ ಬಿಸಿ ಉಳಿದ ಡಾಂಬರಿನ ಮೇಲೆ ದನಗಳು ಮಲಗಿರುತ್ತವೆ. ಆದ್ದರಿಂದ ಎಂಟು ಗಂಟೆಗೆ ಹೊರಡಿ, ಐದರೊಳಗೆ ಊರು ಸೇರಿ. ಹೀಗೆ ಹೋದರೆ ಇನ್ನೊಂದು ಲಾಭವಿದೆ. ಬೆಳಗ್ಗೆ ವಾಯವ್ಯಕ್ಕೆ ಹೋಗುವಾಗ ಬಿಸಿಲು ಬೆನ್ನ ಮೇಲಿರುತ್ತದೆ, ಮಧ್ಯಾಹ್ನ ಆಗ್ನೇಯಕ್ಕೆ ಮರಳುವಾಗ ಬಲಗಡೆ, ಹಿಂದೆ ಇರುತ್ತದೆ. ಇಡೀ ದಿನ ಸೂರ್ಯ ಕಣ್ಣಿಗೆ ಹೊಡೆಯುವುದಿಲ್ಲ. ಓರೆ ಬಿಸಿಲಿನಲ್ಲಿ ಮರಳಿನ ಗೆರೆಗಳೂ ಚೆಂದ ಕಾಣುತ್ತವೆ.

ಪೆಟ್ರೋಲನ್ನು ಜೈಸಲ್ಮೇರ್‌ನಲ್ಲಿ ತುಂಬಿಸಿ, ಹೋಗುವಾಗ ರಾಮಗಢದ ಬಂಕಿನಲ್ಲಿ ಮತ್ತೆ ಭರ್ತಿ ಮಾಡಿಸಿ. ಅದರಾಚೆ ಬಂಕನ್ನು ನಂಬಿ ಹೋಗಬಾರದು. ನೀರು ತಲೆಗೆ ಮೂರರಿಂದ ನಾಲ್ಕು ಲೀಟರ್, ಜೊತೆಗೆ ಓಆರ್‌ಎಸ್ ಪೊಟ್ಟಣ. ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ನಿಂತಲ್ಲೆಲ್ಲ ಎರಡು ಗುಟುಕು ಕುಡಿಯುವ ನಿಯಮ ಮಾಡಿಕೊಳ್ಳಿ. ಚಳಿಗೆ ಒಂದೇ ದಪ್ಪ ಜಾಕೆಟ್‌ಗಿಂತ ಪದರ ಪದರವಾಗಿ ಹಾಕುವುದು ಮೇಲು, ಹನ್ನೊಂದರ ಹೊತ್ತಿಗೆ ಒಂದೊಂದೇ ಬಿಚ್ಚಬಹುದು. ಮೂಗು ಬಾಯಿಗೆ ಬಟ್ಟೆ ಬೇಕೇ ಬೇಕು. ವೈಸರ್ ಮೇಲೆ ಕೂತ ಮರಳನ್ನು ಒಣಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ, ಮೊದಲು ನೀರು ಚಿಮುಕಿಸಿ.

ಈಗ ವೇಗದ ಮಾತು. ನಾಲ್ಕು ಪಥದ ಹೆದ್ದಾರಿಯಲ್ಲೂ ಮೋಟಾರ್‌ಸೈಕಲ್ಲಿಗೆ ಗಂಟೆಗೆ 80 ಕಿ.ಮೀ. ಗರಿಷ್ಠ ಮಿತಿ ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿತು. ಪಾಕಿಸ್ತಾನದ ಗಡಿಯ ಕಡೆಯ ಈ ರಸ್ತೆಗಳು ಅದಕ್ಕಿಂತ ಕಿರಿದು, ಮಿತಿಯೂ ಕಡಿಮೆ. ಹಿಂದೆ ಮುಂದೆ ಗಾಡಿಯೇ ಇಲ್ಲದ ನೇರ ರಸ್ತೆಯಲ್ಲಿ ಕೈ ತಾನಾಗಿಯೇ ಆಕ್ಸಿಲರೇಟರ್ ತಿರುಗಿಸುತ್ತದೆ ಎಂಬುದು ಸವಾರರಿಗೆಲ್ಲ ಗೊತ್ತು. ಆಗ ಈ ಲೆಕ್ಕ ನೆನಪಿರಲಿ. 80ರಲ್ಲಿ ಬೈಕು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಕಂಡು ಕೈ ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಕಳೆಯಿತು. ಒಣ ಡಾಂಬರಿನ ಮೇಲೆ ಗಾಡಿ ನಿಲ್ಲಲು ಇನ್ನೂ 35 ಮೀಟರಿನಷ್ಟು ಬೇಕು, ಒಟ್ಟು 70ರ ಹತ್ತಿರ. 110ರ ವೇಗದಲ್ಲಿ ಇದೇ ಲೆಕ್ಕ 110 ಮೀಟರ್ ದಾಟುತ್ತದೆ. ದಿಬ್ಬ ಏರುವಾಗ ಎದುರಿಗೆ ಕಾಣುವ ರಸ್ತೆ ಎಷ್ಟೋ ಕಡೆ ಅಷ್ಟು ಉದ್ದ ಇರುವುದಿಲ್ಲ.

ಹಾಗಾಗಿ ಈ ದಾರಿಯ ಮಟ್ಟಸವಾದ ಓಟಕ್ಕೆ ನಾನು ಪಾಲಿಸುವ ಕ್ರಮ ಇದು. ಏರು ಶುರುವಾಗುವಾಗಲೇ ಒಂದು ಗೇರ್ ಇಳಿಸಿ, ರಸ್ತೆಯ ಎಡಭಾಗಕ್ಕೆ ಸರಿದು, ನೆತ್ತಿಯ ಹತ್ತಿರ ಆಕ್ಸಿಲರೇಟರ್ ಸ್ವಲ್ಪ ಬಿಡುವುದು. ಆಚೆಯ ರಸ್ತೆ ಪೂರ್ತಿ ಕಂಡಮೇಲೆ ಮತ್ತೆ ತೆರೆಯುವುದು. ಹೀಗೆ ಹತ್ತು ದಿಬ್ಬ ದಾಟುವುದರೊಳಗೆ ಏರಿಗೂ ಎಂಜಿನಿನ ಸದ್ದಿಗೂ ಒಂದು ಲಯ ಕೂಡಿಕೊಳ್ಳುತ್ತದೆ. ಮುಳ್ಳು 60–70 ದಾಟದಿದ್ದರೂ ಸವಾರಿಯಲ್ಲಿ ಮೈಮನಸ್ಸು ಎರಡೂ ತುಂಬಿರುತ್ತವೆ. ನೇರ ರಸ್ತೆಯ 110 ಈ ಸುಖ ಕೊಡುವುದಿಲ್ಲ, ಐದು ನಿಮಿಷಕ್ಕೆ ಬೇಸರ ತರುತ್ತದೆ.

ದಿಬ್ಬದ ಇಳಿಜಾರಿನ ಬುಡದಲ್ಲಿ ರಸ್ತೆಗೆ ಅಡ್ಡಲಾಗಿ ಮರಳು ಹರಡಿರುವುದುಂಟು. ಗಡಿ ರಸ್ತೆ ಸಂಸ್ಥೆಯವರು ಎತ್ತುತ್ತಲೇ ಇರುತ್ತಾರೆ, ಗಾಳಿ ತಂದು ಹಾಕುತ್ತಲೇ ಇರುತ್ತದೆ. ದೂರದಿಂದ ಕಂಡಾಗಲೇ ವೇಗ ಇಳಿಸಿ, ಮರಳಿನ ಮೇಲೆ ಬಂದಾಗ ಬ್ರೇಕನ್ನು, ಅದರಲ್ಲೂ ಮುಂದಿನದನ್ನು, ಮುಟ್ಟಬೇಡಿ. ಹ್ಯಾಂಡಲ್ ಬಿಗಿ ಹಿಡಿಯದೆ, ಬೈಕನ್ನು ವಾಲಿಸದೆ, ಆಕ್ಸಿಲರೇಟರ್ ಒಂದೇ ಸಮ ಇಟ್ಟು, ದೃಷ್ಟಿ ಮರಳಿನ ಆಚೆಗಿಟ್ಟು ದಾಟಿ. ಮುಂದಿನ ಚಕ್ರ ಕೊಂಚ ತೂಗಾಡಿದರೆ ಗಾಬರಿ ಬೇಡ, ತಾನೇ ನೇರವಾಗುತ್ತದೆ. ಟೈರಿನ ಗಾಳಿ ಇಳಿಸುವುದು ಮರಳಿನೊಳಗೇ ಓಡಿಸುವವರ ವಿದ್ಯೆ. ಡಾಂಬರಿನಲ್ಲೇ ಇರುವ ನಮಗೆ ಕೈಪಿಡಿಯಲ್ಲಿ ಹೇಳಿದಷ್ಟೇ ಗಾಳಿ ಇರಲಿ. ಅದನ್ನೂ ಬೆಳಗ್ಗೆ ಟೈರು ತಣ್ಣಗಿದ್ದಾಗ ನೋಡಬೇಕು, ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರುವುದು ಸಹಜ.

ಒಂಟೆ ಕಂಡರೆ ಹಾರನ್ ಬೇಡ. ಬೆದರಿದ ಒಂಟೆ ಯಾವ ಕಡೆ ಓಡೀತು ಹೇಳಲಾಗದು. ನಿಧಾನಿಸಿ, ಅದು ಮುಖ ಮಾಡಿದ ದಿಕ್ಕನ್ನು ಬಿಟ್ಟು ಬೆನ್ನ ಕಡೆಯಿಂದ ಹಾದು ಹೋಗಿ. ಒಂದು ದಾಟಿದ ಮೇಲೆ ಹಿಂದೆ ಮರಿಯೋ ಜೊತೆಯದೋ ಬರುತ್ತದೆಂದೇ ತಿಳಿಯಿರಿ. ನೀಲಗಾಯ್, ಚಿಂಕಾರ, ನವಿಲುಗಳಿಗೂ ಇದೇ ಎಚ್ಚರ.

ಗುಂಪಿನ ಸವಾರಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗೆಳೆಯರ ಪ್ರವಾಸ ಕೆಡುವುದು ಬಹಳ ಸಲ ಇಲ್ಲಿಯೇ. ನಾಲ್ಕರಿಂದ ಆರು ಬೈಕು ಹಿತವಾದ ಸಂಖ್ಯೆ. ಎಂಟು ದಾಟಿದರೆ ಎರಡು ತಂಡ ಮಾಡಿ. ಮುಂದೆ ದಾರಿ ಬಲ್ಲವರು, ಕೊನೆಯಲ್ಲಿ ಎಲ್ಲರಿಗಿಂತ ಅನುಭವಿ. ಹೊಸಬರು ಮುಂದಾಳಿನ ಬೆನ್ನಿಗೇ ಇರಲಿ. ಎಲ್ಲರಿಗಿಂತ ಹಿಂದೆ ಹಾಕಿದರೆ ಅವರು ತಂಡವನ್ನು ಹಿಡಿಯುವ ಆತುರದಲ್ಲಿ ತಮ್ಮ ಶಕ್ತಿ ಮೀರಿ ಓಡಿಸುತ್ತಾರೆ. ಸಪಾಟು ರಸ್ತೆಯಲ್ಲಿ ಒಬ್ಬರು ಬಲಕ್ಕೆ, ಮುಂದಿನವರು ಎಡಕ್ಕೆ, ಹೀಗೆ ಓರೆಸಾಲಿನಲ್ಲಿ, ನೇರ ಮುಂದಿರುವ ಬೈಕಿಗೆ ಎರಡು ಸೆಕೆಂಡ್ ಅಂತರ ಬಿಟ್ಟು ಹೋಗುವುದು. ದಿಬ್ಬಗಳು ಶುರುವಾದ ಮೇಲೆ ಒಂದೇ ಸಾಲು, ಅಂತರ ದುಪ್ಪಟ್ಟು. ಪ್ರತಿಯೊಬ್ಬರೂ ಕನ್ನಡಿಯಲ್ಲಿ ತಮ್ಮ ಹಿಂದಿನವರನ್ನು ನೋಡುತ್ತಿರಬೇಕು. ಅವರು ಕಾಣದಿದ್ದರೆ ನಿಧಾನಿಸಬೇಕು. ಈ ಒಂದೇ ನಿಯಮ ಕೊನೆಯವರು ನಿಂತ ಸುದ್ದಿಯನ್ನು ಮುಂದಾಳಿಗೆ ಮುಟ್ಟಿಸುತ್ತದೆ. ಗಡಿಯ ಹತ್ತಿರ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ, ನಕ್ಷೆಯನ್ನೂ ಮೊದಲೇ ಡೌನ್‌ಲೋಡ್ ಮಾಡಿಟ್ಟಿರಬೇಕು.

ಎಲ್ಲರಿಗೂ ಒಂದೇ ವೇಗ ಒಗ್ಗುವುದಿಲ್ಲ ಎಂಬುದೂ ನಿಜ. ಅದಕ್ಕೆ ದಾರಿಯನ್ನು ತುಂಡು ಮಾಡಿಕೊಳ್ಳುವುದೇ ಪರಿಹಾರ. ಜೈಸಲ್ಮೇರ್‌ನಿಂದ ರಾಮಗಢ ಒಂದು ತುಂಡು, ರಾಮಗಢದಿಂದ ತನೋಟ್‌ಗೆ ಮೊದಲು ಸಿಗುವ ಘಂಟಿಯಾಲಿ ದೇವಿಯ ಗುಡಿಯವರೆಗೆ ಇನ್ನೊಂದು. ತುಂಡಿನೊಳಗೆ ಪ್ರತಿಯೊಬ್ಬರೂ ಕಾನೂನಿನ ಮಿತಿಯೊಳಗೆ ತಮ್ಮ ಲಯದಲ್ಲಿ ಓಡಿಸಲಿ, ತುದಿಯಲ್ಲಿ ಎಲ್ಲರೂ ಸೇರುವವರೆಗೆ ಯಾರೂ ಮುಂದೆ ಹೋಗಬಾರದು. ನಿಧಾನಿಗಳು ಬಂದು ಹೆಲ್ಮೆಟ್ ತೆಗೆದು ನೀರು ಕುಡಿಯುವ ಮೊದಲೇ ಉಳಿದವರು ಗಾಡಿ ಹತ್ತುವುದು ಸ್ನೇಹದ ಲಕ್ಷಣವಲ್ಲ. ಕೊನೆಯಲ್ಲಿ ಬಂದವರಿಗೆ ಪೂರ್ತಿ ವಿಶ್ರಾಂತಿ ಸಿಗಲಿ.

ತನೋಟ್ ಮಾತೆಯ ಗುಡಿಯನ್ನು ನೋಡಿಕೊಳ್ಳುವವರು ಗಡಿ ಭದ್ರತಾ ಪಡೆಯ (ಬಿಎಸ್‌ಎಫ್) ಯೋಧರು. ಪೂಜೆ, ಆರತಿ ಎಲ್ಲ ಅವರದೇ. 1965ರ ಯುದ್ಧದಲ್ಲಿ ಇಲ್ಲಿ ಬಿದ್ದ ಪಾಕಿಸ್ತಾನದ ಶೆಲ್ಲುಗಳು ಸಿಡಿಯಲಿಲ್ಲ ಎಂಬ ನಂಬಿಕೆ ಈ ದೇವಿಯ ಹೆಸರನ್ನು ದೇಶದಗಲ ಹರಡಿತು. ಅಂಥ ಕೆಲವು ಶೆಲ್ಲುಗಳನ್ನು ಗುಡಿಯಲ್ಲೇ ಇಟ್ಟಿದ್ದಾರೆ. ಹರಕೆ ಹೊತ್ತವರು ಕಟ್ಟಿದ ಕರವಸ್ತ್ರಗಳು ರಾಶಿ ರಾಶಿಯಾಗಿ ತೂಗುತ್ತವೆ. ಚಹಾ, ತಿಂಡಿ, ಶೌಚಾಲಯ ಇಲ್ಲಿ ಸಿಗುತ್ತದೆ. ಭಾರತೀಯರು ಗುಡಿಯವರೆಗೆ ಬರಲು ಗುರುತಿನ ಚೀಟಿ ಇದ್ದರೆ ಸಾಕು. ಅಲ್ಲಿಂದಾಚೆ ಗಡಿಕಂಬದವರೆಗೆ ಹೋಗಲು ಬಿಎಸ್‌ಎಫ್ ಅನುಮತಿ ಬೇಕು. ವಿದೇಶಿ ಪಾಸ್‌ಪೋರ್ಟ್ ಇರುವ ಗೆಳೆಯರು ಜೊತೆಗಿದ್ದರೆ, ಅವರು ಕನ್ನಡಿಗರೇ ಆಗಿದ್ದರೂ, ಜೈಸಲ್ಮೇರ್‌ನ ಜಿಲ್ಲಾ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಸೇನೆಯ ವಾಹನಗಳ ಫೋಟೊ ತೆಗೆಯಬೇಡಿ, ಡ್ರೋನ್ ಅನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಲೋಂಗೆವಾಲಾದಲ್ಲಿ ಒಂದು ಗಂಟೆಯಾದರೂ ಕಳೆಯಿರಿ. 1971ರ ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಟ್ಯಾಂಕುಗಳು ಇಲ್ಲಿಗೆ ನುಗ್ಗಿದಾಗ ಠಾಣೆಯಲ್ಲಿದ್ದವರು ಪಂಜಾಬ್ ರೆಜಿಮೆಂಟಿನ 23ನೇ ಬೆಟಾಲಿಯನ್‌ನ ಸುಮಾರು 120 ಮಂದಿ, ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ನಾಯಕತ್ವದಲ್ಲಿ. ಬೆಳಗಾಗುವವರೆಗೆ ಅವರು ತಡೆದು ನಿಂತರು, ಬೆಳಕಾದೊಡನೆ ಜೈಸಲ್ಮೇರ್‌ನಿಂದ ಹಂಟರ್ ವಿಮಾನಗಳು ಬಂದವು. 1997ರ ಹಿಂದಿ ಚಿತ್ರ ‘ಬಾರ್ಡರ್’ ಇದೇ ಕಾಳಗವನ್ನು ಆಧರಿಸಿದ್ದು. ವಶಪಡಿಸಿಕೊಂಡ ಟ್ಯಾಂಕು ಈಗಲೂ ಅಲ್ಲಿದೆ. ಅಂದು ಆ ಟ್ಯಾಂಕುಗಳಲ್ಲಿ ಹಲವು ಮೆದು ಮರಳಿನಲ್ಲಿ ಹೂತು ವಿಮಾನಗಳ ಗುರಿಗೆ ಸಿಕ್ಕವು. ರಸ್ತೆ ಬಿಟ್ಟು ಬೈಕನ್ನು ದಿಬ್ಬಕ್ಕೆ ಹತ್ತಿಸೋಣ ಎಂದು ಗೆಳೆಯರು ಹುರಿದುಂಬಿಸಿದರೆ ಈ ಟ್ಯಾಂಕನ್ನು ತೋರಿಸಿ. 190 ಕಿಲೋ ತೂಕದ ಬೈಕು ಹಿಂದಿನ ಆಕ್ಸೆಲ್‌ವರೆಗೆ ಹೂತರೆ ಎತ್ತಲು ನಾಲ್ವರು ಬೇಕು.

ಭಾನುವಾರ: ಕುಲಧರಾ, ಖಾಭಾ, ಸಮ್

ಜೈಸಲ್ಮೇರ್‌ಗೆ ಬರುವ ಪ್ರವಾಸಿಗರೆಲ್ಲ ಪಶ್ಚಿಮಕ್ಕೆ 40 ಕಿ.ಮೀ. ದೂರದ ಸಮ್ ದಿಬ್ಬಗಳಿಗೆ ಹೋಗುವುದು ಸಂಜೆ. ಬೈಕಿನವರು ಬೆಳಗ್ಗೆ ಹೋಗಬೇಕು. ಸಂಜೆ ಪೂರ್ತಿ ದಾರಿ ಸೂರ್ಯ ಕಣ್ಣಿಗೆ ನೇರ, ಮರಳುವಾಗ ಕತ್ತಲು, ಎದುರಿಗೆ ಜೀಪುಗಳ ಸಾಲು. ಬೆಳಗ್ಗೆ ಇವು ಮೂರೂ ಇಲ್ಲ. ರಾತ್ರಿ ಗಾಳಿ ಒರೆಸಿಟ್ಟ ಮರಳಿನ ಮೇಲೆ ಹುಳುಗಳ ಹೆಜ್ಜೆ ಗುರುತು ಮಾತ್ರ ಇರುತ್ತದೆ. ಹೋಗುವ ದಾರಿಯಲ್ಲಿ ಕುಲಧರಾಕ್ಕೆ ತಿರುಗಿ. ಪಾಲೀವಾಲ್ ಬ್ರಾಹ್ಮಣರು ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಬಿಟ್ಟುಹೋದ ಊರು ಅದು. ದಿವಾನ ಸಾಲಿಮ್ ಸಿಂಗ್‌ನ ಕಿರುಕುಳ ತಾಳದೆ 84 ಹಳ್ಳಿಯವರು ಒಂದೇ ರಾತ್ರಿ ಊರು ತೊರೆದರೆಂದು ಜನ ಹೇಳುತ್ತಾರೆ. ಭೂತದ ಕಥೆಗಳಿಗಿಂತ ಆ ನೇರ ಬೀದಿಗಳನ್ನೂ ಮನೆಗಳ ಯೋಜನೆಯನ್ನೂ ನೋಡುವುದು ಹೆಚ್ಚು ಫಲಕಾರಿ. ಅಲ್ಲಿಂದ ಖಾಭಾ ಕೋಟೆಯವರೆಗಿನ ಕಿರುದಾರಿ ಬೈಕಿಗೆ ಹೇಳಿ ಮಾಡಿಸಿದಂತಿದೆ.

ಈ ಕಡೆಯ ಬಹುಭಾಗ 3,162 ಚದರ ಕಿ.ಮೀ. ಹರಡಿದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ ಅಥವಾ ಅದಕ್ಕೆ ಅಂಟಿಕೊಂಡಿದೆ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದ ಎರೆಭೂತ ಹಕ್ಕಿಯ ಕೊನೆಯ ದೊಡ್ಡ ಆಸರೆ ಈ ಬಯಲು. ದೇಶದಲ್ಲಿ ಈ ಹಕ್ಕಿ ಇನ್ನೂರಕ್ಕಿಂತ ಕಡಿಮೆ ಇದೆ. ಸಮ್‌ನಲ್ಲಿ ಇದರ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಬೆಳೆಸುವ ಕೇಂದ್ರವಿದೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಯ ಬಯಲಿನಲ್ಲಿ ಬೈಕು ನುಗ್ಗಿಸುವುದನ್ನು, ಬದಲಾಯಿಸಿದ ಸೈಲೆನ್ಸರ್ ಗುಡುಗಿಸುವುದನ್ನು ನಾನು ಒಪ್ಪಲಾರೆ. ಹಳ್ಳಿಗಳ ಹೊರಗೆ ಓರಣ್ ಎಂಬ ಜಾಗಗಳೂ ಇವೆ. ಕೊಡಗಿನ ದೇವರಕಾಡಿನಂತೆ ದೇವರ ಹೆಸರಿನಲ್ಲಿ ಕಾಪಾಡಿದ ಗೋಮಾಳ ಅದು. ಖಾಲಿ ಜಾಗವೆಂದು ಅಲ್ಲಿ ಗಾಡಿ ಓಡಿಸಿದರೆ ಊರವರು ನೊಂದುಕೊಳ್ಳುತ್ತಾರೆ. ಅಲ್ಲಲ್ಲಿ ಕಾಣುವ ಖೇಜಡಿ ಮರ ವಿಜಯದಶಮಿಗೆ ನಾವು ಪೂಜಿಸುವ ಬನ್ನಿಯೇ. ಅದರ ಕಾಯಿ ಸಾಂಗ್ರಿಯನ್ನು ಕೇರ್ ಕಾಯಿಯ ಜೊತೆ ಬೇಯಿಸಿದ ಪಲ್ಯ, ಸಜ್ಜೆ ರೊಟ್ಟಿ, ಮಜ್ಜಿಗೆ ಸಿಕ್ಕರೆ ಬಿಡಬೇಡಿ. ಉತ್ತರ ಕರ್ನಾಟಕದವರಿಗೆ ಆ ರೊಟ್ಟಿ ಪರಿಚಿತವೇ.

ಇನ್ನೊಂದು ದಿನ ಕೈಯಲ್ಲಿದ್ದರೆ ಜೋಧ್‌ಪುರದಿಂದ ಬೈಕಿನಲ್ಲೇ ಪೋಖ್ರಾನ್ ಮಾರ್ಗವಾಗಿ ಜೈಸಲ್ಮೇರ್‌ಗೆ ಬರಬಹುದು, ಸುಮಾರು 280 ಕಿ.ಮೀ. ಬುಲೆಟ್ ಪ್ರಿಯರು ಜೋಧ್‌ಪುರದಿಂದ ಪಾಲಿ ರಸ್ತೆಯಲ್ಲಿ 50 ಕಿ.ಮೀ. ಹೋಗಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ 350 ಸಿಸಿ ಬುಲೆಟ್ಟಿಗೆ ಪೂಜೆ ನಡೆಯುವ ಓಂ ಬನ್ನಾ ಸ್ಥಾನವನ್ನೂ ನೋಡಬಹುದು.

ಪೆಟ್ಟಾದರೆ 112 ಅಥವಾ 108ಕ್ಕೆ ಕರೆ. ಜೈಸಲ್ಮೇರ್‌ನಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ದೊಡ್ಡ ಚಿಕಿತ್ಸೆಗೆ ಜೋಧ್‌ಪುರದ ಏಮ್ಸ್‌ವರೆಗೆ ಹೋಗಬೇಕು. ಕೈಗವಸು, ಮೊಣಕಾಲು ಕವಚ, ಕಾಲಿನ ಹರಡು ಮುಚ್ಚುವ ಶೂ ಇಲ್ಲದವರನ್ನು ಗುಂಪಿಗೆ ಸೇರಿಸಬೇಡಿ.

ಗಾಡಿಯ ಆರೈಕೆ ಕಷ್ಟದ್ದಲ್ಲ. ಮರಳಿನ ನೆಲದಲ್ಲಿ ಸೈಡ್ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲೋ ಡಬ್ಬದ ಮುಚ್ಚಳವೋ ಇಡಿ, ಇಲ್ಲವಾದರೆ ಸ್ಟ್ಯಾಂಡ್ ಮೆಲ್ಲಗೆ ಇಳಿದು ಬೈಕು ಮಗುಚುತ್ತದೆ. ಚೈನಿಗೆ ದಪ್ಪ ಎಣ್ಣೆ ಸುರಿದರೆ ಮರಳು ಅಂಟಿ ಹಲ್ಲುಗಳನ್ನು ಸವೆಸುತ್ತದೆ. ಒರೆಸಿ, ತೆಳುವಾಗಿ ಮೇಣದ ಸ್ಪ್ರೇ ಹಾಕಿದರೆ ಸಾಕು. ಸ್ವಂತ ಬೈಕಾದರೆ ಊರಿಗೆ ಬಂದೊಡನೆ ಏರ್ ಫಿಲ್ಟರ್ ಬಿಚ್ಚಿಸಿ ನೋಡಿ, ಬ್ರೇಕ್ ಕ್ಯಾಲಿಪರ್‌ನಲ್ಲಿ ಸೇರಿದ ಧೂಳು ತೊಳೆಸಿ. ಬಾಡಿಗೆ ಬೈಕಾದರೆ ರಾತ್ರಿ ರೈಲಿಗೆ ಎರಡು ಗಂಟೆ ಮೊದಲೇ ಒಪ್ಪಿಸಿ, ಮಾಲೀಕರ ಎದುರಿಗೇ ಮತ್ತೊಮ್ಮೆ ವಿಡಿಯೊ ಮಾಡಿ, ಠೇವಣಿ ಹಣ ಕೈಗೆ ಬಂದಮೇಲೆ ಸ್ಟೇಷನ್ನಿಗೆ ಆಟೊ ಹತ್ತಿ.